ಸೇತುಭಂಗ ದರ್ಶನ ವಿಧಿ: ಒಂದು ಶಾಸ್ತ್ರೀಯ ವಿವೇಚನೆ

ಸೇತುಬಂಧದ ಬಗ್ಗೆ ನಮ್ಮಲ್ಲಿ ಸಾಹಿತ್ಯಕ್ಕೆ ಬರಗಾಲವಿಲ್ಲ. ಕಪಿಗಳು ಬಂಡೆ ಹೊತ್ತದ್ದು, ಅಳಿಲು ಮೈಗೆ ಮರಳು ಮೆತ್ತಿಕೊಂಡು ಬಂದು ಕೊಡವಿದ್ದು, ಎಲ್ಲಕ್ಕೂ ದಾಖಲೆಯುಂಟು, ಯಕ್ಷಗಾನವುಂಟು, ಹರಿಕಥೆಯುಂಟು. ಆದರೆ ಸೇತುಭಂಗದ ಬಗ್ಗೆ, ಅದಕ್ಕಿಂತ ಮುಖ್ಯವಾಗಿ ಸೇತುಭಂಗ ನೋಡಲು ಎಂಜಿನಿಯರುಗಳ ಗುಂಪೊಂದನ್ನು ಬೆಳಗಿನ ಜಾವ ಎಬ್ಬಿಸಿ ಒಂದು ಜಾಗಕ್ಕೆ ತಂದು ನಿಲ್ಲಿಸುವ ಕ್ರಮದ ಬಗ್ಗೆ, ಕನ್ನಡದಲ್ಲಿ ಒಂದು ಕಿರುಹೊತ್ತಿಗೆಯೂ ಕಂಡುಬರುವುದಿಲ್ಲ. ಈ ಶೋಚನೀಯ ಕೊರತೆಯನ್ನು ನೀಗಿಸುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ‘ವಿನಮ್ರ’ ಎಂದು ಹಾಕುವುದು ಸಂಶೋಧನೆಯಲ್ಲಿ ವಾಡಿಕೆ, ಹಾಕಿದ್ದೇನೆ.

ಮೂಲ ಪ್ರತಿಪಾದನೆ ಇಷ್ಟು: ಸೇತುವೆ ಕಟ್ಟುವುದು ಕಷ್ಟ. ಕಟ್ಟಿದ್ದನ್ನು ಕೆಡವುವುದು ಅದಕ್ಕಿಂತ ಕಷ್ಟ. ಕೆಡವುವುದನ್ನು ನೋಡಲು ಎಂಜಿನಿಯರುಗಳನ್ನು ಕೂಡಿಸುವುದು ಎರಡಕ್ಕಿಂತಲೂ ಕಷ್ಟ. ಮೊದಲ ಎರಡಕ್ಕೆ ನಕ್ಷೆಯಾದರೂ ಇರುತ್ತದೆ.

ವಸ್ತು ನಿರ್ದೇಶ

ಅಧ್ಯಯನಕ್ಕೆ ಆರಿಸಿಕೊಂಡಿರುವುದು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಓಕ್ಲೆಂಡ್ ನಗರಗಳನ್ನು ಕೂಡಿಸುವ ಬೇ ಬ್ರಿಡ್ಜಿನ ಹಳೆಯ ಪೂರ್ವಾರ್ಧ. ಕೊಲ್ಲಿಯ ನಡುವೆ ಯೆರ್ಬಾ ಬ್ಯುನಾ ಎಂಬ ನಡುಗಡ್ಡೆಯಿದೆ. ಅದರ ಪಶ್ಚಿಮಕ್ಕೆ ತೂಗುಸೇತುವೆ, ನಡುಗಡ್ಡೆಯೊಳಗೆ ಸುರಂಗ, ಪೂರ್ವಕ್ಕೆ ಉಕ್ಕಿನ ಕ್ಯಾಂಟಿಲಿವರ್. ಮುಖ್ಯ ಎಂಜಿನಿಯರ್ ಚಾರ್ಲ್ಸ್ ಪರ್ಸೆಲ್. ಗೋಲ್ಡನ್ ಗೇಟ್ ಸೇತುವೆಗಿಂತ ಆರು ತಿಂಗಳು ಮೊದಲೇ ತೆರೆದರೂ ಕ್ಯಾಲೆಂಡರಿನಲ್ಲಿ ಅಚ್ಚಾಗುವ ಭಾಗ್ಯ ಇದಕ್ಕೆ ಬರಲಿಲ್ಲ. ದಿನಬೆಳಗಾದರೆ ಜನ ಹೊರುವ ಕೆಲಸವಷ್ಟೇ ಬಂತು.

1936ರ ನವೆಂಬರ್ 12ರಂದು ಉದ್ಘಾಟನೆ. ಗವರ್ನರ್ ಫ್ರ್ಯಾಂಕ್ ಮೆರಿಯಂ ಟೇಪು ಕತ್ತರಿಸಲಿಲ್ಲ. ಅಡ್ಡಲಾಗಿ ಕಟ್ಟಿದ್ದ ಚಿನ್ನದ ಸರಪಳಿಯನ್ನು ಅಸಿಟಿಲಿನ್ ಗ್ಯಾಸ್ ಕಟರಿನಿಂದ ಸುಟ್ಟು ತುಂಡರಿಸಿದರು. ಸಾಮಾನ್ಯ ಇತಿಹಾಸಕಾರರು ಇದನ್ನು ಸಂಭ್ರಮದ ಸಂಗತಿಯಾಗಿ ದಾಖಲಿಸಿ ಮುಂದೆ ಹೋಗಿದ್ದಾರೆ. ಪ್ರಸ್ತುತ ಪ್ರಬಂಧಕಾರರು ಅಷ್ಟಕ್ಕೆ ಬಿಡುವವರಲ್ಲ. ಸೇತುವೆಯ ಮೇಲೆ ಅಧಿಕೃತವಾಗಿ ನಡೆದ ಮೊದಲ ಕ್ರಿಯೆಯೇ ಗ್ಯಾಸ್ ಕಟರಿನದು. ಮುಂದೆ ಅದರ ಉಕ್ಕನ್ನು ಬಿಡಿಬಿಡಿ ಮಾಡಿದ್ದೂ ಗ್ಯಾಸ್ ಕಟರೇ. ಹೀಗಾಗಿ ಧ್ವಂಸವು 1936ರಲ್ಲೇ ಆರಂಭವಾಗಿತ್ತು, ಮಧ್ಯೆ 77 ವರ್ಷ ವಿರಾಮವಿತ್ತು ಎಂದು ವಾದಿಸಲು ಅವಕಾಶವಿದೆ.

1989ರ ಅಕ್ಟೋಬರ್ 17ರ ಸಂಜೆ ಐದು ಗಂಟೆ ದಾಟಿದ ಕೆಲವೇ ನಿಮಿಷಕ್ಕೆ ಲೋಮಾ ಪ್ರಿಯೆಟಾ ಭೂಕಂಪ, 6.9ರ ತೀವ್ರತೆ. ಮೇಲಿನ ಹಾಸಿನ ಸುಮಾರು 15 ಮೀಟರಿನ ತುಂಡೊಂದು ಕಳಚಿ ಕೆಳಹಾಸಿನ ಮೇಲೆ ಬಿತ್ತು. ಒಬ್ಬರ ಪ್ರಾಣ ಹೋಯಿತು. ಇದು ಅಣಕದ ವಿಷಯವಲ್ಲ. ಒಂದು ತಿಂಗಳಲ್ಲಿ ದುರಸ್ತಿ ಮುಗಿಸಿ ಸಂಚಾರ ಬಿಟ್ಟರು. ಆಮೇಲೆ ಈ ಅರ್ಧವನ್ನೇ ಬದಲಿಸುವುದೆಂದಾಯಿತು. ಬದಲಿಸಲು 24 ವರ್ಷ ಹಿಡಿಯಿತು.

ದುರಸ್ತಿಯ ಹೊತ್ತಿನಲ್ಲಿ ನಡೆದ ಒಂದು ಸಂಗತಿ ನಮ್ಮ ಶಾಸ್ತ್ರಕ್ಕೆ ಬಹಳ ಮುಖ್ಯ. ಉಕ್ಕಿನ ಕೆಲಸಗಾರರು ಯಾರಿಗೂ ಹೇಳದೆ ಕೇಳದೆ ಒಂದೂವರೆ ಅಡಿ ಎತ್ತರದ ಒಂದು ಉಕ್ಕಿನ ಭೂತವನ್ನು ಸೇತುವೆಯ ಪಕ್ಕಕ್ಕೆ ವೆಲ್ಡ್ ಮಾಡಿಬಿಟ್ಟರು. ಮಾಡಿದ ಕಮ್ಮಾರ ಕಲಾವಿದ ಬಿಲ್ ರೋನ್. ಟ್ರಾಲ್ ಎಂದು ಅಲ್ಲಿಯವರು ಕರೆಯುವ ಈ ಭೂತ ಸಮುದ್ರದ ಕಡೆ ಕೂತಿತ್ತು; ಸೇತುವೆಯ ಮೇಲೆ ಹೋಗುವವರ ಕಣ್ಣಿಗೆ ಬೀಳುತ್ತಿರಲಿಲ್ಲ. ಸೇತುವೆಯನ್ನು ಕಾಯುವುದು ಅದರ ಡ್ಯೂಟಿ. ನಮ್ಮೂರಿನ ಗಡಿ ದೈವಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಕುರಿಕೋಳಿ ಕೇಳುವುದಿಲ್ಲ ಎನ್ನುವುದು ಮಾತ್ರ. 2013ರಲ್ಲಿ ಸೇತುವೆ ಕೆಡವುವ ಮುನ್ನ ಅದನ್ನು ಗೌರವದಿಂದ ಇಳಿಸಿ ಕಾಪಾಡಿಟ್ಟರು. ಹೊಸ ಸೇತುವೆಗೆ ಹೊಸ ಭೂತವನ್ನು ಕೂರಿಸಿದರು. ಅಮೆರಿಕದ ಎಂಜಿನಿಯರಿಂಗಿನಲ್ಲಿ ಶಾಸ್ತ್ರವಿಲ್ಲ ಎನ್ನುವವರು ಈ ಪ್ಯಾರಾವನ್ನು ಮತ್ತೊಮ್ಮೆ ಓದಬೇಕು.

ಹೊಸ ಸೇತುವೆ ಒಂದೇ ಗೋಪುರದ್ದು, 160 ಮೀಟರ್ ಎತ್ತರ. ತನ್ನ ಹಗ್ಗವನ್ನು ತನ್ನ ಹಾಸಿಗೇ ಕಟ್ಟಿಕೊಂಡು ನಿಂತ ವಿಚಿತ್ರ ತೂಗುಸೇತುವೆ. ಪೂರ್ವಾರ್ಧಕ್ಕೆ ಒಟ್ಟು ಖರ್ಚು ಸುಮಾರು 640 ಕೋಟಿ ಡಾಲರ್. ಇನ್ನೇನು ತೆರೆಯಬೇಕು ಎನ್ನುವ ವರ್ಷವೇ, ಭೂಕಂಪದಲ್ಲಿ ಆಸರೆಯಾಗಬೇಕಾದ 96 ಉದ್ದನೆಯ ಬೋಲ್ಟುಗಳನ್ನು ಬಿಗಿದರೆ 32 ಮುರಿದವು. ಹಳೆಯದು ಹೋಗಲೊಲ್ಲದು, ಹೊಸದು ಬರಲೊಲ್ಲದು. ಅಂತೂ ಅದಕ್ಕೊಂದು ಬದಲಿ ಏರ್ಪಾಟು ಮಾಡಿ 2013ರ ಸೆಪ್ಟೆಂಬರ್ 2ರ ರಾತ್ರಿ ತೆರೆದರು.

ಅಧಿಕಾರಿ ವಿಚಾರ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಎಂಜಿನಿಯರ್. ಎಂಜಿನಿಯರ್ ಯಾರು? ಇಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಫ್ರೀಮಾಂಟ್, ಸನ್ನಿವೇಲ್, ಕೂಪರ್ಟಿನೊ ಆಸುಪಾಸಿನ ಕನ್ನಡ ಎಂಜಿನಿಯರುಗಳಲ್ಲಿ ಬಹುಪಾಲು ಸಾಫ್ಟ್‌ವೇರಿನವರು. ಅವರೂ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಕೆಲಸದವರೇ. ಆದರೆ ಅದರಿಂದ ಧೂಳು ಏಳುವುದಿಲ್ಲ, ಮೀನು ಸಾಯುವುದಿಲ್ಲ, ಕೆಡವಿದ್ದು ಕೆಡವಿದ್ದೇ ಎಂಬ ಖಾತ್ರಿಯೂ ಇರುವುದಿಲ್ಲ.

ಪೂರ್ವಪಕ್ಷ: ಇಂಥವರಿಗೆ ಸೇತುವೆ ಬಿದ್ದರೇನು, ಎದ್ದರೇನು? ಸಿದ್ಧಾಂತ: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರಿನವನಾಗಲಿ ಎಲೆಕ್ಟ್ರಾನಿಕ್ಸಿನವನಾಗಲಿ ಮೊದಲ ವರ್ಷ ‘ಎಲಿಮೆಂಟ್ಸ್ ಆಫ್ ಸಿವಿಲ್’ ಓದದೆ ಗತಿಯಿರಲಿಲ್ಲ. ಲಾಮಿಯ ಪ್ರಮೇಯ, ಗೋಡೆಗೆ ಒರಗಿಸಿದ ಏಣಿ ಯಾವಾಗ ಜಾರುತ್ತದೆಂಬ ಲೆಕ್ಕ, ಇವು ಅವರ ನೆತ್ತರಲ್ಲಿವೆ. ಹಾಗಾಗಿ ಸೇತುವೆಯೆದುರು ನಿಂತ ಕೂಡಲೇ ಪ್ರತಿಯೊಬ್ಬರೂ ಕೈ ಎತ್ತಿ ಗಾಳಿಯಲ್ಲಿ ಬಾಣದ ಗುರುತು ಎಳೆದು ‘ಇಲ್ಲಿ ಟೆನ್ಷನ್ನು, ಇಲ್ಲಿ ಕಂಪ್ರೆಷನ್ನು’ ಎನ್ನುತ್ತಾರೆ. ಅರ್ಧದಷ್ಟು ಸಲ ಸರಿ ಇರುತ್ತದೆ. ಇರುವುದೇ ಎರಡು ಆಯ್ಕೆ.

ಗುಂಪಿನಲ್ಲಿ ನಿಜವಾದ ಸಿವಿಲ್ ಎಂಜಿನಿಯರ್ ಒಬ್ಬರೇ. ಅವರು ಇಲ್ಲಿಯವರಲ್ಲ. ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದ, ಮಂಡ್ಯದ ಕಡೆಯ, ಲೋಕೋಪಯೋಗಿ ಇಲಾಖೆಯ ನಿವೃತ್ತ ಕಾರ್ಯಪಾಲಕ ಎಂಜಿನಿಯರು. ಎಲ್ಲರಿಗೂ ಅಂಕಲ್. ಬಂದಲ್ಲಿಂದ ಮನೆಯ ಹಿತ್ತಲಿನ ಬೇಲಿ, ಪಕ್ಕದ ಮನೆಯ ಬೇಲಿ, ಇದೆರಡೇ ಅವರಿಗೆ ತಪಾಸಣೆಗೆ ಸಿಕ್ಕ ಕಾಮಗಾರಿ. ಸೇತುವೆ ಒಡೀತಾರೆ ಎಂದ ಕೂಡಲೇ ಅವರು ಎದ್ದು ನಿಂತದ್ದನ್ನು ನೋಡಿದವರಿಗೆ ಅಧಿಕಾರಿ ಯಾರು ಎಂಬ ಪ್ರಶ್ನೆ ಉಳಿಯುವುದಿಲ್ಲ.

ಇನ್ನು ಸಂಖ್ಯಾನಿರ್ಣಯ. ಸೇತುವೆಯ ವಿನ್ಯಾಸಕ್ಕೆ ಡೆಡ್ ಲೋಡ್ ಮತ್ತು ಲೈವ್ ಲೋಡ್ ಎಂದು ಭಾರವನ್ನು ವಿಂಗಡಿಸುವ ಹಾಗೆ ಯಾತ್ರಿಕರನ್ನೂ ವಿಂಗಡಿಸಬೇಕು. ಏನೇ ಆದರೂ ಬರುವವರು ಡೆಡ್ ಲೋಡ್: ಅಂಕಲ್, ಸಂಘಟಕ, ಸಂಘಟಕನ ಕಾರಿನಲ್ಲಿ ಬರಬೇಕಾದ ಸಂಘಟಕನ ಹೆಂಡತಿ. ‘ಬರ್ತೀನಿ’, ‘ನೋಡ್ತೀನಿ’, ‘ಟ್ರೈ ಮಾಡ್ತೀನಿ’ ಎನ್ನುವವರೆಲ್ಲ ಲೈವ್ ಲೋಡ್. ‘ಟ್ರೈ ಮಾಡ್ತೀನಿ’ ಎಂಬುದರ ಬೆಲೆ ಸೊನ್ನೆ ಎಂದು ಹಳಬರು ಹಿಡಿಯುತ್ತಾರೆ. ಆದರೆ ಅನಿರೀಕ್ಷಿತವಾಗಿ ಅಂಥವನೇ ಅತ್ತೆ, ಮಾವ, ಎರಡು ಮಕ್ಕಳು ಮತ್ತು ಮಕ್ಕಳ ಗೆಳೆಯನೊಬ್ಬನೊಡನೆ ಬಂದು ಇಳಿಯುವುದುಂಟು. ಇದನ್ನು ಇಂಪ್ಯಾಕ್ಟ್ ಲೋಡ್ ಎನ್ನುತ್ತೇವೆ. ಚಿತ್ರಾನ್ನದ ಅಂದಾಜು ಮಾಡುವಾಗ ಇದನ್ನು ಹಿಡಿಯದಿದ್ದರೆ ರಚನೆ ಕುಸಿಯುತ್ತದೆ.

ಭಂಗಸ್ವರೂಪ

ಕೆಡವುವುದೆಂದರೆ ಏನೆಂಬ ಬಗ್ಗೆ ಯಾತ್ರಿಕರಲ್ಲಿ ಗಂಭೀರ ತಪ್ಪು ತಿಳುವಳಿಕೆ ಇತ್ತು. ಸಿನಿಮಾದಲ್ಲಿ ಬೀಳುವ ಹಾಗೆ ಇಡೀ ಸೇತುವೆ ಒಂದೇ ಏಟಿಗೆ ನೀರಿಗೆ ಬೀಳುತ್ತದೆ, ಅಷ್ಟು ಹೊತ್ತಿಗೆ ಅದರ ಮೇಲೆ ಒಂದು ಬಸ್ಸಿರುತ್ತದೆ ಎಂಬ ಮಟ್ಟದ ನಿರೀಕ್ಷೆ. ನಡೆದದ್ದು ತದ್ವಿರುದ್ಧ. ಕ್ಯಾಂಟಿಲಿವರನ್ನು ಯಾವ ಕ್ರಮದಲ್ಲಿ ಕಟ್ಟಿದ್ದರೋ ಅದನ್ನು ಹಿಂದುಮುಂದು ಮಾಡಿ ಬಿಚ್ಚಿದರು. 427 ಮೀಟರಿನ ಆ ನಡುಗಂಡಿಯ ಉಕ್ಕಿನಲ್ಲಿ ಎಂಟು ದಶಕದ ಸೆಳೆತ ತುಂಬಿಕೊಂಡಿತ್ತು. ಅದನ್ನು ಹಾಗೇ ಕೊಯ್ದರೆ ಸಿಡಿಯುತ್ತದೆ. ಅದಕ್ಕೆ ಜ್ಯಾಕುಗಳನ್ನು ಹಚ್ಚಿ ಮೆಲ್ಲಗೆ ಸೆಳೆತವನ್ನು ತಮ್ಮ ಮೇಲೆ ತೆಗೆದುಕೊಂಡು, ಆಮೇಲೆ ಕೊಯ್ದು, ಆಮೇಲೆ ಇಳಿಬಿಟ್ಟರು. ಅದರಾಚೆಗಿನ 504 ಅಡಿಯ ಐದು ಟ್ರಸ್ಸುಗಳು, 288 ಅಡಿಯ ಹದಿನಾಲ್ಕು ಟ್ರಸ್ಸುಗಳು ಇಡಿಯಾಗಿ ಕೆಳಗೆ ಇಳಿದು ಬಾರ್ಜುಗಳ ಮೇಲೆ ಕೂತು ಹೋಗುವ ಸರದಿ. ಹಳೆಯ ಎಂಜಿನಿಯರುಗಳ ನಕ್ಷೆಗಳನ್ನು ಹೊಸ ಎಂಜಿನಿಯರುಗಳು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದಿದರು ಎನ್ನಬಹುದು.

‘ಅಲ್ಲಪ್ಪಾ, ಬಿಚ್ಚಿದ ಕಬ್ಬಿಣ ಯಾರಿಗೆ ಹೋಯ್ತು?’ ಎಂದು ಅಂಕಲ್ ಕೇಳಿದರು. ಕಾಮಗಾರಿಯ ವಿವರವೆಲ್ಲ ಕೇಳಿಸಿಕೊಂಡ ಮೇಲೆ ಅವರ ಮೊದಲ ಪ್ರಶ್ನೆ ಅದು.

‘ಬಹಳಷ್ಟು ಗುಜರಿಗೆ ಅಂಕಲ್. ಸ್ವಲ್ಪ ಕಲಾವಿದರಿಗೆ ಕೊಡ್ತಾರಂತೆ. ಓಕ್ಲೆಂಡ್ ಮ್ಯೂಸಿಯಂ ಮೂಲಕ, 450 ಟನ್ನು.’

ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಕಲಾವಿದರಿಗೆ. ಟೆಂಡರ್ ಕರೀದೇನಾ?’

‘ಅರ್ಜಿ ಹಾಕ್ಬೇಕಂತೆ. ಏನು ಮಾಡ್ತೀವಿ ಅಂತ ಬರೆದು ಕೊಡ್ಬೇಕು.’

‘ಹಾಂ, ಅದನ್ನ ಮೊದಲು ಹೇಳ್ಬಾರ್ದಾ!’ ಎಂದು ಅವರು ನಿರಾಳವಾದರು.

ಒಟ್ಟಿನಲ್ಲಿ ಉಕ್ಕಿನ ಕೆಲಸ ನಿಧಾನದ್ದು. ಒಂದು ದಿನ ಗೊತ್ತುಮಾಡಿ ಗುಂಪು ಕಟ್ಟಿಕೊಂಡು ಹೋಗಿ ನೋಡುವಂಥದ್ದಲ್ಲ. ಗೊತ್ತಾದ ಹೊತ್ತಿಗೆ, ಗೊತ್ತಾದ ಸದ್ದಿನೊಡನೆ ಆಗುವುದು ಒಂದೇ: ಕಂಬ ಸಿಡಿಸುವುದು. ಮೊದಲು ಸಿಡಿಯಬೇಕಾದದ್ದು ಕ್ಯಾಂಟಿಲಿವರನ್ನು ಹೊತ್ತಿದ್ದ ದೊಡ್ಡ ಕಂಬ, ಕಡತದ ಹೆಸರು ಇ-3. ಅದರ ಮೇಲೆ ಅಷ್ಟು ಹೊತ್ತಿಗೆ ಸೇತುವೆಯೇ ಇರಲಿಲ್ಲ. ನೀರಿನಿಂದ ಮೇಲೆದ್ದ ಕಾಂಕ್ರೀಟಿನ ಮೊಂಡು ಮಾತ್ರ. ನೋಡುವಂಥದ್ದೆಲ್ಲ ನೀರಿನ ಕೆಳಗೆ, ಕೆಸರಿನ ಕೆಳಗೆ ಇತ್ತು. ಹೀಗೆ ಸೇತುವೆಯಿಲ್ಲದ ಸೇತುಭಂಗಕ್ಕೆ ನಮ್ಮ ಯಾತ್ರೆ ಸಿದ್ಧವಾಯಿತು.

ಪಕ್ಷಿ ಪ್ರಕರಣ

ಕಾಲನಿರ್ಣಯಕ್ಕೆ ಮುನ್ನ ಪಕ್ಷಿಗಳ ವಿಷಯ ಹೇಳಲೇಬೇಕು. ಹಳೆಯ ಸೇತುವೆಯ ಹೊಟ್ಟೆಯಡಿ ಸುಮಾರು 800 ನೀರುಕಾಗೆಗಳು ಗೂಡು ಕಟ್ಟಿಕೊಂಡಿದ್ದವು. ಮೊಟ್ಟೆಯಿರುವ ಗೂಡನ್ನು ಮುಟ್ಟುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಹೊಸ ಸೇತುವೆಯ ಅಡಿಯಲ್ಲಿ ಅವಕ್ಕೆಂದೇ ಅಟ್ಟಣೆ ಕಟ್ಟಿಸಿದರು. ಗೊಂಬೆ ನೀರುಕಾಗೆಗಳನ್ನು ಕೂರಿಸಿದರು. ನೀರುಕಾಗೆಯ ಕೂಗನ್ನು ಮುದ್ರಿಸಿ ಹಾಕಿದರು. ಹಕ್ಕಿಗಳು ಇದನ್ನೆಲ್ಲ ನೋಡಿದವು, ಕೇಳಿದವು, ಹಳೆಯದರಲ್ಲೇ ಮೊಟ್ಟೆಯಿಟ್ಟವು. ನೋಟಿಸ್ ಕೊಟ್ಟು, ಅಡ್ವಾನ್ಸ್ ವಾಪಸು ಕೊಟ್ಟು, ನಲ್ಲಿ ನೀರು ನಿಲ್ಲಿಸಿದರೂ ಮನೆ ಖಾಲಿ ಮಾಡದ ಮಲ್ಲೇಶ್ವರದ ಹಳೇ ಬಾಡಿಗೆದಾರರ ಹಾಗೆ ಅವು ಪಟ್ಟು ಹಿಡಿದು ಕೂತವು. ಕೋಟಿಗಟ್ಟಲೆ ಡಾಲರಿನ ಕಾಮಗಾರಿಯ ವೇಳಾಪಟ್ಟಿಯನ್ನು ಹಕ್ಕಿಯ ಸಂಸಾರಕ್ಕೆ ತಕ್ಕಂತೆ ತಿದ್ದಬೇಕಾಯಿತು.

ಅಂಕಲ್ ಇದನ್ನು ನಂಬಲಿಲ್ಲ. ‘ನಮ್ಮಲ್ಲಿ ಲ್ಯಾಂಡ್ ಅಕ್ವಿಸಿಷನ್ ಕೇಸು ಹೀಗೆ ಎಳೆಯೋದು ನೋಡಿದ್ದೀನಿ. ಅವರಿಗಾದ್ರೂ ವಕೀಲರಿರ್ತಾರೆ’ ಎಂದರು.

ಕಾಲನಿರ್ಣಯ

ಇದೇ ಶಾಸ್ತ್ರದ ಹೃದಯಭಾಗ. ಇ-3 ಕಂಬದ ಸ್ಫೋಟಕ್ಕೆ ಮುಹೂರ್ತವಿಟ್ಟವರು ಪುರೋಹಿತರಲ್ಲ, ಮೀನುಗಳು. ವರ್ಷದಲ್ಲಿ ಮೀನು ಮತ್ತು ಕಡಲ ಪ್ರಾಣಿಗಳ ಓಡಾಟ ಕಡಿಮೆಯಿರುವ ಕಾಲ ನವೆಂಬರ್. ದಿನದಲ್ಲಿ ಜನ, ವಾಹನಗಳ ಓಡಾಟ ಕಡಿಮೆಯಿರುವ ಹೊತ್ತು ಶನಿವಾರದ ಬೆಳಗ್ಗೆ. ಅದರಲ್ಲೂ ಭರತ ಇಳಿತಗಳ ನಡುವೆ ಕೊಲ್ಲಿಯ ನೀರು ಒಂದು ಘಳಿಗೆ ಅತ್ತಿತ್ತ ಹರಿಯದೆ ನಿಲ್ಲುತ್ತದಲ್ಲ, ಆಗ. ಏಕೆ ಆಗ? ಕಂಬದ ಸುತ್ತ ನೀರಿನಡಿ ಕೊಳವೆಗಳನ್ನು ಹಾಸಿ ಅದರೊಳಗೆ ಗಾಳಿ ತುಂಬಿ ಗುಳ್ಳೆಗಳ ಪರದೆಯನ್ನು ಎಬ್ಬಿಸಿದ್ದರು. ಸ್ಫೋಟದ ಒತ್ತಡದ ಅಲೆ ನೀರಿನಲ್ಲಿ ಬಹಳ ದೂರ ಹೋಗಿ ಮೀನಿನ ಮೈಯೊಳಗಿನ ಗಾಳಿಚೀಲವನ್ನು ಒಡೆಯುತ್ತದೆ. ಗುಳ್ಳೆಗಳು ನಡುವೆ ಅಡ್ಡನಿಂತರೆ ಅಲೆಯ ಬಲ ಅಲ್ಲೇ ಕುಗ್ಗುತ್ತದೆ. ನೀರು ಹರಿಯುತ್ತಿದ್ದರೆ ಪರದೆ ಓರೆಯಾಗುತ್ತದೆ. ಅದಕ್ಕೇ ನಿಂತ ನೀರಿನ ಘಳಿಗೆ. ಇಷ್ಟು ನಾಜೂಕಿನ ಮುಹೂರ್ತವನ್ನು ನಾನು ಯಾವ ಮದುವೆಯಲ್ಲೂ ಕಂಡಿಲ್ಲ.

ಮೊದಲು 2015ರ ನವೆಂಬರ್ 7 ಎಂದಿತ್ತು. ಆಮೇಲೆ 14ಕ್ಕೆ ಹೋಯಿತು. ಸರ್ಕಾರದ ಕಡೆಯಿಂದ ಬದಲಾದದ್ದು ಒಂದು ತಾರೀಕು. ಗುಂಪಿನ ಕಡೆಯಿಂದ ಅದರ ಪರಿಣಾಮವನ್ನು ಅಳೆಯಲು ಬೇರೆ ಮಾನದಂಡವೇ ಬೇಕು. ನವೆಂಬರ್ ಎಂದರೆ ಕನ್ನಡಿಗರಿಗೆ ರಾಜ್ಯೋತ್ಸವ. ಊರಿನಲ್ಲಿ ಒಂದನೇ ತಾರೀಕು, ಇಲ್ಲಿ ಹಾಲ್ ಸಿಕ್ಕ ಶನಿವಾರ. ಆ ವರ್ಷ ದೀಪಾವಳಿಯೂ ಅದೇ ವಾರ: 10ಕ್ಕೆ ನರಕ ಚತುರ್ದಶಿ, 12ಕ್ಕೆ ಬಲಿಪಾಡ್ಯಮಿ. ಯಾರ ಮನೆಯಲ್ಲಿ ಊಟ, ಯಾರ ಮನೆಯಲ್ಲಿ ಪೂಜೆ, ಯಾವ ಮಗುವಿನ ನಾಟಕದ ಪ್ರಾಕ್ಟೀಸು, ಯಾರ ಅಮ್ಮ ಏರ್‌ಪೋರ್ಟಿಗೆ ಬಂದಿಳಿಯುವುದು, ಎಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಬಣ್ಣಬಣ್ಣವಾಗಿ ಸೇರಿಕೊಂಡಿತು. ಆ ಹಾಳೆಯನ್ನು ಸರಿಪಡಿಸಲು ಎಲ್ಲರಿಗೂ ಅವಕಾಶ ಕೊಟ್ಟದ್ದು ಎಂಜಿನಿಯರಿಂಗ್ ಸ್ವಭಾವ. ಪ್ರತಿಯೊಬ್ಬರೂ ಹಾಳೆಯ ವಿನ್ಯಾಸವನ್ನು ಸುಧಾರಿಸಿದರು. ಬರುವಿರಾ ಇಲ್ಲವಾ ಎಂಬ ಕಾಲಮ್ಮನ್ನು ಬಹುತೇಕರು ಖಾಲಿ ಬಿಟ್ಟರು. ಒಬ್ಬರಂತೂ ‘ಇದಕ್ಕೊಂದು ಆ್ಯಪ್ ಮಾಡೋಣ’ ಎಂದರು; ಅದರ ಹೆಸರಿನ ಬಗ್ಗೆಯೇ ಮೂರು ಸಂಜೆಯ ಚರ್ಚೆ ನಡೆಯಿತು. ಕೊಲ್ಲಿಯ ನೀರು ದಿನಕ್ಕೆ ನಾಲ್ಕು ಸಲ ನಿಲ್ಲುತ್ತದೆ. ಈ ಚರ್ಚೆಗೆ ಅಂಥ ಘಳಿಗೆ ಇರಲಿಲ್ಲ.

ಈಗ ಪಂಚಾಂಗ. ಮನ್ಮಥ ಸಂವತ್ಸರ, ದಕ್ಷಿಣಾಯನ, ಶರದೃತು, ಕಾರ್ತಿಕ ಶುದ್ಧ ತದಿಗೆ, ಸ್ಥಿರವಾಸರ. ಗುಂಪಿನಲ್ಲಿದ್ದ ಹಿರಿಯರೊಬ್ಬರು ರಾಹುಕಾಲ ನೋಡಿದರು. ಶನಿವಾರದ ರಾಹುಕಾಲ ಒಂಬತ್ತರ ಮೇಲೆ, ತೊಂದರೆಯಿಲ್ಲ. ಗುಳಿಕ ಕಾಲ? ಶನಿವಾರ ಸೂರ್ಯೋದಯವಾದ ಕೂಡಲೇ ಗುಳಿಕ. ಗುಳಿಕ ಕಾಲದಲ್ಲಿ ಮಾಡಿದ ಕೆಲಸ ಮರುಕಳಿಸುತ್ತದೆ ಎಂಬುದು ಹಿರಿಯರ ನಂಬಿಕೆ. ಆ ಕಾರಣಕ್ಕೇ ಆ ಹೊತ್ತಿನಲ್ಲಿ ಚಿನ್ನ ಕೊಳ್ಳುವವರುಂಟು, ಅಪರಕ್ರಿಯೆ ಮಾಡುವವರಿಲ್ಲ. ಸ್ಫೋಟ ನಡೆದದ್ದು ಏಳೂಕಾಲರ ಹೊತ್ತಿಗೆ, ಸರಿಯಾಗಿ ಗುಳಿಕದ ನಡುವೆ. ವೈಚಾರಿಕರು ನಗಬಹುದು. ನಗುವ ಮುನ್ನ ಮುಂದಿನ ದಾಖಲೆ ನೋಡಲಿ: 2016ರಲ್ಲಿ ಇ-4, ಇ-5, ಎರಡು ಕಂಬ ಸಿಡಿದವು; 2017ರಲ್ಲಿ ಇ-6ರಿಂದ ಇ-18ರವರೆಗೆ ಹದಿಮೂರು ಕಂಬ.

ದೇಶನಿರ್ಣಯ

ಎಲ್ಲಿ ನಿಂತು ನೋಡಬೇಕು ಎಂಬುದಕ್ಕೆ ಸರ್ಕಾರದ ಉತ್ತರ ಸ್ಪಷ್ಟವಿತ್ತು: ಹತ್ತಿರ ಬರಬೇಡಿ. ನೀರಿನಲ್ಲಿ ಸುತ್ತ ನಿಷೇಧ ವಲಯ. ಸ್ಫೋಟದ ಹೊತ್ತಿಗೆ ಹೊಸ ಸೇತುವೆಯ ಮೇಲೆ ವಾಹನಗಳಿಗೂ, ಕೊಲ್ಲಿಯ ತಳದ ಸುರಂಗದಲ್ಲಿ ಬಾರ್ಟ್ ರೈಲುಗಳಿಗೂ ಸ್ವಲ್ಪ ಹೊತ್ತು ತಡೆ.

ಗುಂಪು ಆರಿಸಿದ್ದು ಎಮರಿವಿಲ್ಲಿನ ಮರೀನಾ. ಆರಿಸಲು ಕಾರಣ: ಕಾರು ನಿಲ್ಲಿಸಲು ಜಾಗವಿದೆ, ಶೌಚಾಲಯವಿದೆ, ಮುಗಿದ ಮೇಲೆ ದೋಸೆಗೆ ಬರ್ಕ್ಲಿ ಹತ್ತಿರ. ವಸ್ತು ಕಾಣುತ್ತದೆಯೇ ಎಂಬುದು ಮಾನದಂಡಗಳ ಪಟ್ಟಿಯಲ್ಲಿ ಸೇರಿರಲಿಲ್ಲ. ಹೊಸ ಸೇತುವೆಯನ್ನು ಕಟ್ಟಿರುವುದು ಹಳೆಯದರ ಉತ್ತರಕ್ಕೆ. ಎಮರಿವಿಲ್ ಇರುವುದು ಎರಡಕ್ಕೂ ಉತ್ತರಕ್ಕೆ. ಹೀಗಾಗಿ ಅಲ್ಲಿ ನಿಂತವರಿಗೆ 640 ಕೋಟಿ ಡಾಲರಿನ ಹೊಸ ಸೇತುವೆ ಅಡ್ಡ ಬರುತ್ತದೆ. ಅದರ ಕಾಲುಗಳ ನಡುವೆ ಬಗ್ಗಿ ಹುಡುಕಿದರೆ ಹಳೆಯ ಕಂಬದ ಚೂರು ಸಿಕ್ಕೀತು. ಈ ಅಂಶವನ್ನು ನಕ್ಷೆ ಬಿಡಿಸಿ ತೋರಿಸಿದವರು ಅಂಕಲ್. ತೋರಿಸಿದ್ದು ಎಮರಿವಿಲ್ಲಿಗೆ ಹೋಗುವ ದಾರಿಯಲ್ಲಿ.

ದರ್ಶನ

ಚಿತ್ರಾನ್ನ, ಮೊಸರನ್ನ, ದೀಪಾವಳಿಯಲ್ಲಿ ಉಳಿದ ಕೋಡುಬಳೆ, ಕರಿದು ನಾಲ್ಕು ದಿನವಾಗಿದ್ದ ಕಜ್ಜಾಯ, ಥರ್ಮಾಸಿನಲ್ಲಿ ಕಾಫಿ. ಬೆಳಗ್ಗೆ ಆರೂವರೆಗೆ ಇಂಥ ಗಾಳಿಯಲ್ಲಿ ಮೊಸರನ್ನ ಯಾಕೆಂದು ಕೇಳಬಾರದು, ತಂದವರಿಗೆ ಬೇಸರವಾಗುತ್ತದೆ. ಈ ಕೌಂಟಿಗಳ ಹೆಚ್ಚಿನ ಊರುಗಳಲ್ಲಿ ಪಟಾಕಿಗೆ ನಿಷೇಧ. ಸುರಸುರಬತ್ತಿಯನ್ನೂ ಕದ್ದು ಹಚ್ಚಬೇಕಾದ ಮಕ್ಕಳಿಗೆ ‘ಸರ್ಕಾರವೇ ದೊಡ್ಡ ಪಟಾಕಿ ಹೊಡೆಯುತ್ತೆ, ಬನ್ನಿ’ ಎಂದು ಆಸೆ ಹುಟ್ಟಿಸಿ ಎಬ್ಬಿಸಿಕೊಂಡು ಬಂದಿದ್ದರು.

ಅಂಕಲ್ ದೂರದ ಮೊಂಡುಕಂಬವನ್ನು ದಿಟ್ಟಿಸಿ ನೋಡಿದರು. ‘ಯಾವ ಇಸವಿದು ಅಂದೆ?’

‘ಮೂವತ್ತಾರು ಅಂಕಲ್. ಎಪ್ಪತ್ತೇಳು ವರ್ಷ ಸರ್ವಿಸು.’

‘ನಮ್ಮ ಶ್ರೀರಂಗಪಟ್ಟಣದ್ದು ಸಾವಿರದ ಎಂಟುನೂರ ನಾಲ್ಕರದು, ವೆಲ್ಲೆಸ್ಲಿ ಸೇತುವೆ. ಪೂರ್ಣಯ್ಯನವರ ಕಾಲದ್ದು. ಕಾವೇರಿ ಅದನ್ನ ಎಷ್ಟು ಸಲ ಮುಳುಗಿಸಿಲ್ಲ, ಕಲ್ಲಿನ ಕಂಬ ಹಂಗೇ ನಿಂತಿದಾವೆ’ ಎಂದರು. ಆಮೇಲೆ ಲೆಕ್ಕ ಹಾಕಿ, ‘ಇರ್ಲಿ ಬಿಡು, ನನಗೆ ಐವತ್ತೆಂಟಕ್ಕೇ ಕಳಿಸಿದ್ರು. ಇದಕ್ಕೆ ಹತ್ತೊಂಬತ್ತು ವರ್ಷ ಎಕ್ಸ್‌ಟೆನ್ಷನ್ ಸಿಕ್ಕಿದೆ’ ಎಂದು ಕಾಫಿ ಕೇಳಿದರು.

ಇನ್ನು ದರ್ಶನದ ಭೌತಶಾಸ್ತ್ರ. ಕಂಬದೊಳಗೆ ತುಂಬಿದ್ದ ಸುಮಾರು 600 ಸಿಡಿಮದ್ದಿನ ಕಟ್ಟುಗಳು ಒಂದೇ ಸಲ ಸಿಡಿಯುವುದಿಲ್ಲ. ಒಂದರ ಹಿಂದೊಂದು, ಕಣ್ಣೆವೆ ಮುಚ್ಚುವಷ್ಟೂ ಅಂತರವಿಲ್ಲದೆ, ಒಟ್ಟು ಆರು ಸೆಕೆಂಡು. ಕಂಬದ ಒಳಗೆ ಟೊಳ್ಳು ಕೋಣೆಗಳು. ಒಡೆದ ಕಾಂಕ್ರೀಟು ಹೊರಗೆ ಹಾರದೆ ಆ ಕೋಣೆಗಳೊಳಗೆ, ಕೊಲ್ಲಿಯ ತಳದ ಕೆಳಗೇ ಕುಸಿದು ಕೂರುತ್ತದೆ. ನೀರಿನ ಮೇಲೆ ಕಾಣುವುದು ಒಂದಷ್ಟು ನೀರು, ಒಂದಷ್ಟು ಧೂಳು. ಎಮರಿವಿಲ್ಲಿನ ದಂಡೆಯಿಂದ ಅಲ್ಲಿಗೆ ಸುಮಾರು ನಾಲ್ಕು ಕಿಲೋಮೀಟರ್. ಸದ್ದು ಸೆಕೆಂಡಿಗೆ 340 ಮೀಟರಿನಂತೆ ಬಂದರೆ ತಲುಪಲು ಹತ್ತಿರಹತ್ತಿರ ಹನ್ನೆರಡು ಸೆಕೆಂಡು ಬೇಕು. ಅಂದರೆ ಮೊದಲ ‘ಢಂ’ ಕಿವಿಗೆ ಬೀಳುವ ಹೊತ್ತಿಗೆ ಇಡೀ ಘಟನೆ ಮುಗಿದು ಆರು ಸೆಕೆಂಡಾಗಿರುತ್ತದೆ.

ಇದು ಗುಂಪಿನ ಪ್ರತಿಯೊಬ್ಬರಿಗೂ ಗೊತ್ತಿದ್ದ ಭೌತಶಾಸ್ತ್ರ; ಪಿಯುಸಿಯಲ್ಲಿ ಇದೇ ಲೆಕ್ಕಕ್ಕೆ ಐದು ಅಂಕ ತೆಗೆದವರು ಅಲ್ಲೇ ನಿಂತಿದ್ದರು. ಆದರೂ ಫೋನನ್ನು ಜೇಬಿನಲ್ಲಿಟ್ಟುಕೊಂಡು ಸದ್ದು ಕೇಳಿದ ಕೂಡಲೇ ತೆಗೆಯುವುದೆಂದು ನಿಶ್ಚಯಿಸಿದ್ದರು. ಕಾಯುವಾಗ ಸುಮ್ಮನಿರುವುದೇಕೆಂದು ಗ್ರೂಪ್ ಫೋಟೋ ಆರಂಭವಾಯಿತು. ಎತ್ತರದವರು ಹಿಂದೆ, ಮಕ್ಕಳು ಮುಂದೆ, ಅತ್ತೆ ಮಾವಂದಿರಿಗೆ ಕುರ್ಚಿ. ಕೊಲ್ಲಿ ಬೆನ್ನ ಹಿಂದೆ ಬರಬೇಕು, ಫೋಟೋಗೆ ಅದೇ ಚೆನ್ನ. ಯಾರೋ ಕಣ್ಣು ಮುಚ್ಚಿದರು, ಮತ್ತೊಂದು ತೆಗೆಯಬೇಕಾಯಿತು. ಸ್ಫೋಟ ನಡೆದಾಗ ಕೊಲ್ಲಿಯ ಕಡೆ ಮುಖ ಮಾಡಿದ್ದವರು ಇಬ್ಬರೇ: ಫೋಟೋ ತೆಗೆಯುತ್ತಿದ್ದವರು, ಮತ್ತು ಫೋಟೋಗೆ ಬರಲೊಲ್ಲೆನೆಂದು ದೂರ ನಿಂತಿದ್ದ ಅಂಕಲ್. ಫೋಟೋ ತೆಗೆಯುತ್ತಿದ್ದವರ ಗಮನ ಪೂರ್ತಿ ಕಣ್ಣು ಮುಚ್ಚುವವರ ಮೇಲಿತ್ತು.

ಢಂ ಎಂದಿತು. ಎಲ್ಲರೂ ತಿರುಗಿದರು. ಹೊಸ ಸೇತುವೆ ಬೆಳಗಿನ ಬಿಸಿಲಿಗೆ ಬಿಳಿಯಾಗಿ ಹೊಳೆಯುತ್ತಿತ್ತು. ‘ಆಯ್ತಾ?’ ಎಂದರು ಕೆಲವರು. ‘ಇದಿನ್ನೂ ಟೆಸ್ಟಿಂಗ್ ಇರ್ಬೇಕು’ ಎಂದರು ಸಾಫ್ಟ್‌ವೇರಿನವರು.

ಹತ್ತು ನಿಮಿಷದೊಳಗೆ ಮೈಸೂರಿನಿಂದ ಫೋನು ಬಂತು. ಅಲ್ಲಿ ರಾತ್ರಿ ಒಂಬತ್ತರ ಹತ್ತಿರ. ಗುಂಪಿನವರೊಬ್ಬರ ತಾಯಿ ಊಟ ಮುಗಿಸಿ, ಧಾರಾವಾಹಿಯ ಬದಲು ಮಗ ಕಳಿಸಿದ್ದ ಲಿಂಕು ಹಾಕಿಕೊಂಡು ಕೂತಿದ್ದರಂತೆ. ‘ಎಷ್ಟು ಚೆನ್ನಾಗಿ ಕಾಣ್ತೋ, ಮೇಲಿಂದ ತೆಗೆದಿದ್ದಾರೆ, ನೀರು ಸುತ್ತಲೂ ಉಕ್ಕಿ ಉಕ್ಕಿ ಬಂತು, ಕಂಬ ಹಾಗೇ ಒಳಗೆ ಹೋಯ್ತು. ನೀನು ಹತ್ರದಿಂದ ನೋಡಿದ್ಯಲ್ಲ, ಪುಣ್ಯ ಮಾಡಿದ್ದೆ’ ಎಂದರು. ಮಗ ಹೂಂ ಎಂದರು. ಹೂಂ ಎನ್ನದೆ ಬೇರೆ ದಾರಿಯಿರಲಿಲ್ಲ ಎಂಬುದನ್ನು ಗಮನಿಸಬೇಕು.

ಅಂಕಲ್ ಬರ್ಕ್ಲಿಯಲ್ಲಿ ದೋಸೆ ತಿನ್ನುವಾಗ ತಾವು ಕಂಡದ್ದನ್ನು ಹೇಳಿದರು. ಹೊಸ ಸೇತುವೆಯ ಕಾಲಿನ ಸಂದಿಯಲ್ಲಿ ನೀರು ಬೆಳ್ಳಗೆ ಏಳುವುದು ಕಂಡಿತಂತೆ, ಕಂಬ ಒಂದು ಕ್ಷಣ ಹಾಗೇ ಇತ್ತಂತೆ, ಆಮೇಲೆ ಇರಲಿಲ್ಲವಂತೆ. ‘ನೀಟಾಗಿ ಮಾಡಿದ್ರು. ಆದ್ರೆ ಇದರ ಎಂ.ಬಿ. ಹೆಂಗ್ ಬರೀತಾರೆ? ಒಡೆದ ಮಾಲು ಅಳೀಬೇಕಲ್ಲ, ನೀರೊಳಗೆ ಯಾರು ಟೇಪು ಹಿಡೀತಾರೆ?’ ಎಂದು ಚಟ್ನಿ ಹಾಕಿಸಿಕೊಂಡರು. ಮೆಷರ್‌ಮೆಂಟ್ ಬುಕ್ ಎಂದರೇನೆಂದು ಸಾಫ್ಟ್‌ವೇರಿನವರಿಗೆ ವಿವರಿಸುವುದರಲ್ಲಿ ಎರಡನೆಯ ದೋಸೆಯೂ ಮುಗಿಯಿತು. ಆ ದಿನ ನಡೆದ ಏಕೈಕ ತಾಂತ್ರಿಕ ಉಪನ್ಯಾಸ ಅದೇ.

ಶೇಷ ವಿಚಾರ

ಮುಂದಿನ ಎರಡು ವರ್ಷಗಳ ಸ್ಫೋಟಗಳಿಗೂ ಎಕ್ಸೆಲ್ ಹಾಳೆಗಳು ಸಿದ್ಧವಾದವು. ಅಂಕಲ್ ಊರಿಗೆ ಹೋಗಿದ್ದರಿಂದ ಡೆಡ್ ಲೋಡ್ ಕಡಿಮೆಯಾಗಿ ರಚನೆ ನಿಲ್ಲಲಿಲ್ಲ. ಈ ಭಾಗದ ವಿವರಗಳು ಶಾಸ್ತ್ರಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ.

ಒಂದು ಸಂಗತಿ ಮಾತ್ರ ಗಮನಾರ್ಹ. ಹಳೆಯ ಸೇತುವೆಯ ಎಲ್ಲ ಕಂಬಗಳನ್ನೂ ಸಿಡಿಸಲಿಲ್ಲ. ನಡುಗಡ್ಡೆಯ ಕಡೆಯ ಇ-2, ಓಕ್ಲೆಂಡ್ ದಂಡೆಯ ಕಡೆಯ ಇ-19ರಿಂದ ಇ-23ರವರೆಗಿನವು, ಇಷ್ಟನ್ನು ಉಳಿಸಿಕೊಂಡರು. ಓಕ್ಲೆಂಡ್ ಕಡೆಯ ಕಂಬಗಳ ಮೇಲೆ ಜನ ನಡೆದುಹೋಗಿ ನಿಂತು ನೋಡಲು ಕಟ್ಟೆಯೊಂದನ್ನು ಕಟ್ಟಿ 2020ರಲ್ಲಿ ತೆರೆದರು. ಇಲ್ಲಿ ಭರತವಿಲ್ಲ, ಇಳಿತವಿಲ್ಲ, ಮೀನಿಲ್ಲ, ಗುಳಿಕವಿಲ್ಲ, ನಿಷೇಧ ವಲಯವಿಲ್ಲ. 1936ರ ಕಾಂಕ್ರೀಟಿನ ಮೇಲೆ ನಿಂತುಕೊಂಡು ಯಾವ ದಿನ ಬೇಕಾದರೂ ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಅದೇ ತೊಡಕಾಗಿದೆ. ಯಾವ ದಿನ ಬೇಕಾದರೂ ಎಂದರೆ ಯಾವ ದಿನ ಎಂಬ ಪ್ರಶ್ನೆ ಗುಂಪಿನ ಮುಂದಿದೆ. ಎರಡನೇ ಶನಿವಾರ ಎಂದು ಒಬ್ಬರು ಸೂಚಿಸಿದರು. ಅಮೆರಿಕದಲ್ಲಿ ಎರಡನೇ ಶನಿವಾರಕ್ಕೆ ವಿಶೇಷ ರಜೆಯಿಲ್ಲವಲ್ಲ ಎಂದು ಇನ್ನೊಬ್ಬರು ಆಕ್ಷೇಪಿಸಿದರು. ಹಾಳೆಗೆ ಹೊಸದೊಂದು ಕಾಲಮ್ಮು ಸೇರಿದೆ.